ಗಾಲಿಯ ಬಾಯಿಗೆ ಒಂದು ಬೆಣೆ

ಸ್ಕಾಚ್ ಎಂದೊಡನೆ ನಿಮ್ಮ ಕಣ್ಣು ಬಾಟಲಿಯ ಕಡೆಗೆ ಹೋಗುತ್ತದೆ.
ಹಿಲ್ಡಾ ಮರ್ಗಟ್ರಾಯ್ಡಳ ಕೈ ಹೋಗುತ್ತಿದ್ದದ್ದು
ಓಕ್ ಮರದ ಒಂದು ತುಂಡಿಗೆ.
ಮೊಳದುದ್ದ, ಒಂದು ತುದಿ ದಪ್ಪ,
ಇನ್ನೊಂದು ತುದಿ ನಾಲಗೆಯಷ್ಟು ತೆಳು,
ಎಣ್ಣೆ ಕುಡಿದೂ ಕುಡಿದೂ ಕಪ್ಪಾದದ್ದು.

ಯಾರ್ಕ್‌ಷೈರಿನ ಕಲ್ಲಿದ್ದಲ ಯಾರ್ಡು,
ಯುದ್ಧದ ನಾಲ್ಕನೆಯ ಚಳಿಗಾಲ.
ದೀಪ ಹಚ್ಚುವಂತಿಲ್ಲ, ಗಂಡಸರು ಮರಳುಗಾಡಿನಲ್ಲಿ.
ಇಳಿಜಾರಿನ ಹಳಿಯ ಮೇಲೆ ಹತ್ತು ಟನ್ನಿನ ವ್ಯಾಗನ್ನು
ಕಾಣಿಸುವುದಿಲ್ಲ, ಕೇಳಿಸುತ್ತದೆ:
ಕಬ್ಬಿಣದ ಮೇಲೆ ಕಬ್ಬಿಣ
ಯಾರಿಗೂ ಹೇಳದೆ ತೆವಳುವ ಸದ್ದು.
"ಸ್ಕಾಚ್ ಹರ್!" ಎಂದು ಕೂಗುತ್ತಾನೆ ಫೋರ್‌ಮನ್ ಥ್ವೇಟ್.
ಅಲ್ಲಿ ವ್ಯಾಗನ್ನೂ ಹೆಣ್ಣೇ.
ಹಿಲ್ಡಾ ಮಂಡಿಯೂರಿ, ಗಾಲಿಯ ಬಾಯಿಗೆ ತುತ್ತಿಟ್ಟಂತೆ
ಬೆಣೆ ಕೊಟ್ಟು, ಕೈ ಹಿಂದಕ್ಕೆಳೆದುಕೊಳ್ಳುತ್ತಾಳೆ.
ಕೈ ಎಳೆದುಕೊಳ್ಳುವುದೇ ವಿದ್ಯೆ.
ಮಿಕ್ಕದ್ದು ಮರ ನೋಡಿಕೊಳ್ಳುತ್ತದೆ.

ಮೊಳೆಯಿಲ್ಲ, ಹಗ್ಗವಿಲ್ಲ, ಬೀಗವಿಲ್ಲ.
ಹೊರಟದ್ದರ ಭಾರವೇ ಹೊರಟದ್ದನ್ನು ಹಿಡಿಯುತ್ತದೆ.
ಖಾಲಿ ವ್ಯಾಗನ್ನು ಒಮ್ಮೊಮ್ಮೆ ಬೆಣೆ ಹತ್ತಿ ಜಿಗಿದದ್ದುಂಟು;
ತುಂಬಿದ್ದು, ಹಲ್ಲು ಕಚ್ಚಿ ನಿಲ್ಲುತ್ತದೆ.

ಒಂದು ರಾತ್ರಿ ಜೋಳದ ವ್ಯಾಗನ್ನಿನಿಂದ ಇಲಿ ಹಾರಿತು.
ಕೈಯಲ್ಲಿದ್ದ ಬೆಣೆಯನ್ನೇ ಬೀಸಿದಳು.
ಸಾಯಲಿಲ್ಲ. ಹಿಂಗಾಲೆಳೆಯುತ್ತ
ಹಳಿಯ ಕಲ್ಲುಗಳೊಳಗೆ ಸೇರಿಕೊಂಡಿತು.
"ಅದನ್ನೂ ಸ್ಕಾಚ್ ಮಾಡಿದೆ ಬಿಡು," ಎಂದ
ಸಿಗ್ನಲ್ ಕಟ್ಟೆಯ ಮುದುಕ ಜೇಬೆಜ್ ಆಗ್ಡನ್.
ಅರೆಜೀವ ಮಾಡಿ ಬಿಡುವುದಕ್ಕೂ ಅದೇ ಪದವಂತೆ,
ಅವನ ಅಜ್ಜನ ಕಾಲದಲ್ಲಿ.
ಆ ರಾತ್ರಿಯೆಲ್ಲ ಹಿಲ್ಡಾ ಕಲ್ಲುಗಳ ಕಡೆಗೇ ಕಿವಿ.

ಆಮೇಲೆ ಸೊಸೈಟಿ ಅಂಗಡಿಯ ಸಾಲಿನಲ್ಲಿ,
ಬೆಣ್ಣೆಯ ಕೂಪನ್ನು ಹಿಡಿದು ನಿಂತ ಹೆಂಗಸರಲ್ಲಿ ಮಾತು:
ದೀಪದ ಕೋಣೆಯ ಹಿಂದೆ ಹಿಲ್ಡಾ, ಜೊತೆಗೆ ಥ್ವೇಟ್.
(ನಿಜವೆಂದರೆ ಅವನು ಅಳುತ್ತಿದ್ದ; ಮಗನ ತಂತಿ ಬಂದಿತ್ತು.
ಅದನ್ನು ಅವಳು ಯಾರಿಗೂ ಹೇಳಲಿಲ್ಲ.)
"ಈ ಸುದ್ದಿಯನ್ನು ಸ್ಕಾಚ್ ಮಾಡುತ್ತೇನೆ," ಎಂದು
ಕ್ಯಾಂಟೀನಿನ ಬೆಂಚು ಹತ್ತಿ ನಿಂತ ಥ್ವೇಟ್.
ಪಾಪ, ಎಲ್ಲರೂ ಚಹಾದ ಲೋಟ ಕೆಳಗಿಟ್ಟು ಕೇಳಿದರು,
ಅವತ್ತು ಸಂಜೆ ಪಕ್ಕದೂರಿಗೂ ಮುಟ್ಟಿತು.
ಗಾಲಿಗಾದರೆ ಬೆಣೆಯಿಡಬಹುದು. ಗಾಳಿಮಾತಿಗೆ?
ತೂಕವೇ ಇಲ್ಲದ್ದು ಯಾವುದರ ಮೇಲೆ ಕೂತು ನಿಂತೀತು?

ಮನೆಯ ಮುಂದೆ ಮಗಳು ಮ್ಯೂರಿಯಲ್
ಸೀಮೆಸುಣ್ಣದಲ್ಲಿ ಚೌಕಗಳನ್ನೆಳೆದು ಹಾರುತ್ತಿದ್ದಳು.
ಆ ಆಟದ ಹೆಸರಿನ ಬಾಲದಲ್ಲೂ ಸ್ಕಾಚ್,
ಅಲ್ಲಿ ಅದರರ್ಥ ಗೀರು, ನೆಲದ ಮೇಲೆ ಎಳೆದ ಗೆರೆ.
ನಾವು ಕಾಲು ನೋಡಿ ಕುಂಟೆಬಿಲ್ಲೆ ಎಂದೆವು,
ಅವರು ಗೆರೆ ನೋಡಿ ಹೆಸರಿಟ್ಟರು.
ಗೆರೆಯೂ ಬೆಣೆಯೂ ಒಂದೇ ಬಳ್ಳಿಯ ಕಾಯಿ ಹೌದೋ ಅಲ್ಲವೋ,
ಪದಕೋಶದವರು ಇನ್ನೂ ಒಂದು ಮಾತಿಗೆ ಬಂದಿಲ್ಲ.
ಮ್ಯೂರಿಯಲ್‌ಳಿಗೆ ಅದು ಬೇಕಿರಲಿಲ್ಲ,
ಗೆರೆ ತುಳಿಯದಿದ್ದರೆ ಸಾಕಿತ್ತು.

ಯುದ್ಧ ಮುಗಿದು ಗಂಡಸರು ಮರಳಿದರು.
ರೈಲ್ವೆಯಿಂದ ಕಾಗದ ಬಂತು:
ನಿಮ್ಮ ಸೇವೆಗೆ ಕೃತಜ್ಞರು, ಶನಿವಾರ ಕೊನೆಯ ಪಾಳಿ.
ಅವಳನ್ನು ನಿಲ್ಲಿಸಿದ್ದಕ್ಕೆ ಮಾತ್ರ
ಯಾರೂ ಆ ಪದ ಬಳಸಲಿಲ್ಲ.

ಬೆಣೆ ಬಿಡಿಸುವುದು ಹೇಗೆಂದು ಹೊಸ ಹುಡುಗನಿಗೆ ತೋರಿಸಿದಳು:
ಎಳೆದರೆ ಬರುವುದಿಲ್ಲ, ಒದ್ದರೆ ಬರುವುದಿಲ್ಲ.
ಎಂಜಿನ್ನು ವ್ಯಾಗನ್ನನ್ನು ಗೇಣುದ್ದ ಹಿಂದಕ್ಕೆ ತಳ್ಳಬೇಕು.
ಮುಂದೆ ಹೋಗುವುದಕ್ಕೆ ಮೊದಲು ಅಷ್ಟು ಹಿಂದೆ.
ಆಗ ಅದು ತಾನೇ ಸಡಿಲ, ಮಗು ಬೆರಳು ಬಿಟ್ಟಂತೆ.

ಅದನ್ನು ಕೋಟಿನೊಳಗಿಟ್ಟು ಮನೆಗೆ ತಂದಳು; ಕಳವು ಎನ್ನಿ ಬೇಕಾದರೆ.
ಮೂವತ್ತು ವರ್ಷ ಅಡುಗೆಮನೆಯ ಹಿಂಬಾಗಿಲ ಕೆಳಗಿತ್ತು,
ಬಾಗಿಲು ಮುಚ್ಚಿಕೊಳ್ಳದ ಹಾಗೆ.
"ಅಮ್ಮಾ, ಚಳಿ," ಎನ್ನುತ್ತಿದ್ದಳು ಮ್ಯೂರಿಯಲ್.
"ಇರಲಿ," ಎನ್ನುತ್ತಿದ್ದಳು ಹಿಲ್ಡಾ,
ಆಲೂಗಡ್ಡೆ ಸುಲಿಯುತ್ತ,
ದೂರದಲ್ಲಿ ಯಾವುದೋ ವ್ಯಾಗನ್ನು ಹೊರಳುವುದಕ್ಕೆ
ಕೈ ಅರೆಗಳಿಗೆ ನಿಲ್ಲಿಸಿ.