ಹಸಿ ಗೋಣಿ

ಪ್ರಾಣಿಶಾಸ್ತ್ರದ ಲ್ಯಾಬಿನ ಮೂರನೇ ಬೀರು ನನ್ನ ಪಾಲಿಗೆ.
ಬೀಗದ ಕೈ ಸೊಂಟದಲ್ಲಿ, ಹತ್ತೊಂಬತ್ತು ವರ್ಷದಿಂದ.
ಮೇಲಿನ ಹಲಗೆಯಲ್ಲಿ ಸೀಸೆಯೊಳಗಿನ ಹಾವು, ಎರಡು ತಲೆಯ ಕುರಿಮರಿ;
ಕೆಳಗೆ, ಗಾಜಿನ ಪೆಟ್ಟಿಗೆಯಲ್ಲಿ, ಇವು:
ಹನ್ನೊಂದು ಚಿಟ್ಟೆ. ಹನ್ನೆರಡನೆಯದಕ್ಕೆ ಬರೀ ಸೂಜಿ.

ಯಾವುದೋ ದ್ವೀಪದವಂತೆ.
ಸುತ್ತ ಸಾವಿರ ಮೈಲಿ ನೀರು,
ಬೇಸಿಗೆಯಲ್ಲೂ ಕಂಬಳಿ ಹೊದೆಯುವ ನೆಲ,
ಅಲ್ಲಿ ಬಿಟ್ಟರೆ ಇನ್ನೆಲ್ಲೂ ಹುಟ್ಟುವುದಿಲ್ಲ ಅಂದರು ಗಾದಿಲಿಂಗಪ್ಪ ಸರ್.
"ಮತ್ತ ಬಳ್ಳಾರಿಗ್ಯಾಕ ಬಂದವು?" ಅಂದೆ.
ಸರ್ ನಕ್ಕು ಹಾಜರಿ ಪುಸ್ತಕ ತೆಗೆದರು.

ರೆಕ್ಕೆ ಕಪ್ಪು. ಬಾಣಲೆಯ ತಳದ ಕಪ್ಪು.
ಚಳಿಯ ಸೀಮೆಯಲ್ಲಿ ಬಿಸಿಲು ಸಿಗೋದು ಚೂರೇ ಹೊತ್ತು,
ಸಿಕ್ಕಷ್ಟನ್ನೂ ಕುಡಿಯೋಕೆ ಈ ಬಣ್ಣವಂತೆ;
ಮೋಡ ಸರಿದ ಕೂಡಲೇ ಕಲ್ಲಿಗೆ ಮೈಯೊತ್ತಿ
ರೆಕ್ಕೆ ಹರವಿ ಕಾಯುತ್ತಿದ್ದವಂತೆ, ಮೈ ಕಾದ ಮೇಲೇ ಹಾರಾಟ.
ಇಲ್ಲಿ ನೋಡಿದರೆ
ಕೋಟೆಯ ಬಂಡೆ ರಾತ್ರಿ ಹನ್ನೊಂದಕ್ಕೂ ಕಾವು ಕಾರುತ್ತದೆ.
ಬೇಡಿದವರಿಗೆ ಬೇಡಿದ ಕಾಲಕ್ಕೆ ಕೊಡೋದು
ಆ ಸೂರ್ಯಪ್ಪನಿಗೂ ಬರೋದಿಲ್ಲ.

ನನ್ನ ಬೆರಳು ನೀಲಿ. ರಾತ್ರಿ ಕೌಲ್ ಬಜಾರಿನಿಂದ ಬರುವ
ಜೀನ್ಸಿಗೆ ದಾರ ಕತ್ತರಿಸುತ್ತೇನೆ, ಪ್ಯಾಂಟಿಗೆ ಇಷ್ಟು ಅಂತ.
ಒಮ್ಮೆ ಗಾಜು ಒರೆಸುವಾಗ ಚೌಕಟ್ಟು ಸಡಿಲಿ
ಒಂದು ರೆಕ್ಕೆ ತಾಕಿತು. ಬೆರಳ ನೀಲಿಯ ಮೇಲೆ
ಕಪ್ಪು ಪುಡಿ. ಅವತ್ತು ಸೋಪು ಹಾಕಲಿಲ್ಲ.
ಒಗ್ಗಾಣಿ ಎಡಗೈಲಿ ತಿಂದೆ.

ಈ ಮೇ ತಿಂಗಳು, ಕರೆಂಟು ಹೋಗಿ ಮೂರು ದಿನ.
ಹುಡುಗರಿಗೆ ರಜೆ. ಸರ್ ವರ್ಗವಾಗಿ ಹೋಗಿದ್ದರು.
ನುಸಿಗುಳಿಗೆ ಸವೆದು ಕಡಲೆಕಾಳಿನಷ್ಟು,
ಒಂದರ ಮೀಸೆ ಉದುರಿ ಬಿದ್ದಿತ್ತು.
ಯಾರಿಗೆ ಹೇಳೋದು?
ಕ್ಯಾಂಟೀನಿನ ಗೋಣಿಚೀಲ ತಂದು,
ಬಕೆಟ್ಟಿನಲ್ಲಿ ಅದ್ದಿ, ಹಿಂಡದೆ, ಕಿಟಕಿಗೆ ಕಟ್ಟಿದೆ.
ವಾಚ್‌ಮನ್ ಎರ್ರಿಸ್ವಾಮಿ ಇಣುಕಿದ:
"ಹೊನ್ನೂರಮ್ಮಾ, ಸತ್ತವಕ್ಕ ಎಂಥಾ ಸೆಕಿ?"
"ನಿಂದೇನು ಹೋತು, ನೀರು ನಳದ್ದು" ಅಂದೆ.

ಮಧ್ಯಾಹ್ನ ಎರಡೂವರೆ.
ಹೊರಗಿಂದ, ನಿಂಬೆಗಿಡದ ಕಡೆಯಿಂದ,
ಕಪ್ಪು ಮೈಗೆ ಹಳದಿ ಚುಕ್ಕಿಯ ನಮ್ಮೂರ ಚಿಟ್ಟೆಯೊಂದು
ಗೋಣಿಯ ಮೇಲೆ ಕೂತು ಸುರುಳಿ ನಾಲಗೆ ಬಿಚ್ಚಿತು.
ಎಲ್ಲೆಲ್ಲೂ ಬಿಸಿಲು, ನಡುವೆ ಒಂದು ಮೊಳ ತಂಪು.
ಒಳಗೆ ಹನ್ನೊಂದೂ ರೆಕ್ಕೆ ಹರವಿಕೊಂಡೇ ಇದ್ದವು.

ಗೋಣಿಯ ಅಂಚು ಆಗಲೇ ಒಣಗುತ್ತಿತ್ತು.
ಚೊಂಬು ತುಂಬಿಕೊಂಡು ಬಂದೆ,
ಅದು ಹೆದರದ ಹಾಗೆ ಯಾವ ಕಡೆಯಿಂದ ಸುರಿಯಲಿ ಅಂತ ತಿಳಿಯದೆ
ನಿಂತೆ.