ಕಾಲರ್ ತಿರುಗಿಸಿದ ಅಂಗಿ

ಮೊದಲು ಸವೆಯುವುದು ಎಡಭುಜ.
ಬ್ಯಾಗಿನ ಪಟ್ಟಿ ಅಲ್ಲೇ ಕೂತು
ಮಂಡ್ಯದಿಂದ ಮಳವಳ್ಳಿಗೆ, ಮಳವಳ್ಳಿಯಿಂದ ಮಂಡ್ಯಕ್ಕೆ
ದಿನಕ್ಕೆ ನಾಲ್ಕು ಸಲ ಉಜ್ಜುತ್ತದೆ.
ಆಮೇಲೆ ಮೊಣಕೈ, ಸೀಟಿನ ಕಂಬಿಗೆ ಒರಗಿ ಒರಗಿ.
ಆಮೇಲೆ ಬ್ಯಾಡ್ಜು ಚುಚ್ಚುವ ಜಾಗ:
ಕತ್ತಲಲ್ಲಿ ನಿನ್ನೆಯ ತೂತನ್ನೇ ಹುಡುಕಬೇಕು,
ಸಿಗದ ದಿನ ಪಕ್ಕದಲ್ಲಿ ಇನ್ನೊಂದು.
ಕಾಲರ್ ಸದ್ದಿಲ್ಲದೆ ಬೆವರು ಕುಡಿಯುತ್ತಾ ಇದ್ದು
ಒಂದು ದಿನ ನೂಲು ಬಿಟ್ಟು
ಹಲ್ಲು ಕಿರಿಯುತ್ತದೆ.

ಬ್ರಶ್‌ನಲ್ಲಿ ತಿಕ್ಬೇಡ ಕಣವ್ವ, ಬಟ್ಟೆಗೂ ಚರ್ಮ ಅದೆ
ಅನ್ನುತ್ತಾಳೆ ನಮ್ಮತ್ತೆ ಸಣ್ಣಮ್ಮ,
ಹೆಬ್ಬೆಟ್ಟು ಒತ್ತಿ ಪಿಂಚಣಿ ತರುವವಳು.
ಒಳಮೈ ಹೊರಗೆ ಮಾಡಿ ಒಣಗ್ಹಾಕು,
ಬಿಸಿಲು ಬಣ್ಣ ನೋಡಬಾರದು.
ಬೋರಿನ ನೀರಲ್ಲಿ ಜಾಲಿಸಿದರೆ ಅಂಗಿ ಹಪ್ಪಳ;
ಕೊನೆಯ ಬಕೆಟ್ಟು ನಾಲೆಯದ್ದೇ ಆಗಬೇಕು.
ಹಾಗಾಗಿ ನಾಲೆಗೆ ನೀರು ಬಿಟ್ಟ ತಿಂಗಳು ಮೈಗೆ ಮೆತ್ತಗೆ,
ನಿಲ್ಲಿಸಿದ ತಿಂಗಳು
ಟಿಕೆಟ್ ಹರಿಯುತ್ತಲೇ ಕತ್ತು ಕೆರೆದುಕೊಳ್ಳುತ್ತೇನೆ.

ಸಕ್ಕರೆ ಫ್ಯಾಕ್ಟರಿ ಕಬ್ಬು ಅರೆಯುವ ಕಾಲಕ್ಕೆ
ತಂತಿಯ ಮೇಲೆ ಕಪ್ಪು ಬೂದಿ, ಎಳ್ಳು ಚೆಲ್ಲಿದ ಹಾಗೆ.
ಒರೆಸಿದೆಯೋ, ಗೀಟು ಎಳೆದ ಹಾಗೆ ನಿಂತುಬಿಡುತ್ತದೆ.
ಒದರಬೇಕು, ಇಲ್ಲಾ ಬಾಯಿಂದ ಊದಬೇಕು.
ಚಿಮಣಿ ತಣ್ಣಗೆ ಕೂತ ವರ್ಷಗಳಲ್ಲಿ
ನಮ್ಮ ಬೀದಿಯ ಬಟ್ಟೆಯೆಲ್ಲ ಬೆಳ್ಳಗೆ ಒಣಗಿತು.
ಯಾರೂ ಅದನ್ನು ಹೇಳಿಕೊಂಡು ತಿರುಗಲಿಲ್ಲ.

ಗುತ್ತಲು ರಸ್ತೆಯ ಬುಡೇನ್ ಸಾಬರು
ಅಂಗಿಯನ್ನು ಬೆಳಕಿಗೆ ಹಿಡಿದು, ಕನ್ನಡಕ ಹಣೆಗೆ ಏರಿಸಿ,
ಇದು ಗಂಡಸರದ್ದಲ್ವೇನಮ್ಮ, ಗುಂಡಿ ಬಲಗಡೆ ಅದೆ,
ಎಡಕ್ಕೆ ಮಾಡಿಕೊಡಲಾ? ಅಂದರು.

ಡಿಪೋದಲ್ಲಿ ನನಗೂ ಬಟ್ಟೆ ಕೊಡುತ್ತಾರೆ.
ಅದು ಬೇರೆ.
ಅನುಕಂಪದ ಮೇಲೆ ಎಂದು ಆರ್ಡರಿನಲ್ಲಿ ಬರೆದು
ಅವರ ಕೆಲಸವನ್ನು ನನಗೆ ಕೊಟ್ಟರು.
ಅವರ ಅಂಗಿ ಕೊಟ್ಟವಳು ಅತ್ತೆ,
ಟ್ರಂಕಿನಿಂದ ತೆಗೆದು ಬೇವಿನೆಲೆ ಕೊಡವಿ:
ತಗೊ, ಸೀರೆ ಮ್ಯಾಲೆ ಹಾಕ್ಕೊ.
ಇಟ್ರೆ ಹುಳ ತಿಂತದೆ,
ಹಾಕಿದ್ರೆ ಬಾಳ್ತದೆ.

ಬೇಡ ಸಾಬರೆ, ಗುಂಡಿ ಅಲ್ಲೇ ಇರಲಿ ಅಂದೆ.
ನಸುಕಿನಲ್ಲಿ ತೊಡುವಾಗ ದಿನವೂ ಬೆರಳು ತಡವರಿಸುತ್ತದೆ,
ಈ ಕಡೆಯೋ ಆ ಕಡೆಯೋ ಎಂದು ಒಂದು ಗಳಿಗೆ.
ಆ ಗಳಿಗೆ ನನಗೆ ಬೇಕು.
ಕಾಲರ್ ಮಾತ್ರ ತಿರುಗಿಸಿ ಕೊಡಿ.

ಬ್ಲೇಡಿನ ಮೂಲೆಯಿಂದ ಒಂದೊಂದೇ ಹೊಲಿಗೆ ಬಿಚ್ಚಿದರು,
ಮಲಗಿದ ಮಗುವಿನ ಕೈಯಿಂದ ಬಳಪ ಬಿಡಿಸುವ ಹಾಗೆ.
ಸವೆದ ಮೈ ಕೆಳಕ್ಕೆ, ಬಿಸಿಲು ಕಾಣದ ಮೈ ಮೇಲಕ್ಕೆ.
ಕೆಳಗಿನ ಖಾಕಿ ಎಷ್ಟು ಹೊಸದಾಗಿತ್ತು!
ಹನ್ನೊಂದು ವರ್ಷದ ಹಿಂದೆ ಪೇಟೆ ಬೀದಿಯಲ್ಲಿ
ಥಾನಿನಿಂದ ಕತ್ತರಿಸಿದ ದಿನದ ಬಣ್ಣ.
ಮಡಿಕೆಯ ಸಂದಿಯಲ್ಲಿ ಒಂದು ಗಿಡ್ಡ ಕೂದಲು, ಕರಿಯದು.
ಸಾಬರು ಊದಿಬಿಟ್ಟರು,
ಬೂದಿ ಅಂದುಕೊಂಡರೋ ಏನೋ.
ನಾನು ಏನೂ ಅನ್ನಲಿಲ್ಲ.
ಮಿಷಿನ್ನಿನ ಕೆಳಗಿನ ತುಣುಕುಗಳ ಕಡೆ ನೋಡುತ್ತಾ ಕೂತೆ.

ಇನ್ನು ಮೂರು ವರ್ಷ ಬಾಳಿಕೆ ಬರ್ತದೆ ಅಂದರು.
ಕಾಲರ್ ತಿರುಗಿಸೋದು ಒಂದೇ ಸಲ ಕಣಮ್ಮ,
ಎರಡು ಮೈಯೂ ಸವೆದ ಮೇಲೆ ನನ್ನ ಕೈಲಿ ಇಲ್ಲ.
ನಲವತ್ತು ರೂಪಾಯಿ.
ಬ್ಯಾಡ್ಜಿನ ಹಿಂದೆ ಒಂದು ತುಂಡು ಬಟ್ಟೆ
ಕೇಳದೆಯೇ ಕೊಟ್ಟು ಹೊಲಿದಿದ್ದರು.

ಈಗ ಐದೂ ನಲವತ್ತರ ಗಾಡಿ.
ಕೆ.ಎಂ. ದೊಡ್ಡಿಯಲ್ಲಿ ಹೂವಿನ ಪುಟ್ಟಿಗಳು ಹತ್ತಿದವು,
ಹಿಂದಿನ ಸೀಟಿನ ಮುದುಕ ಐನೂರರ ನೋಟು ಹಿಡಿದು
ಮಲಗಿದವನಂತೆ ನಟಿಸುತ್ತಾನೆ.
ಚಿಲ್ಲರೆ ಕೊಡಿ, ಚಿಲ್ಲರೆ, ಎಂದು ಬಗ್ಗಿದಾಗ
ಹೊಸ ಕಾಲರ್ ಕೆನ್ನೆಗೆ ತಾಗುತ್ತದೆ, ಒರಟು,
ಇನ್ನೂ ಯಾರ ಕತ್ತನ್ನೂ ಕಲಿಯದ್ದು.

ಭಾನುವಾರ ನೆನೆಹಾಕಬೇಕು.
ನಾಲೆಗೆ ನೀರು ಬಿಟ್ಟಿದ್ದಾರಂತೆ,
ಹೂವಿನವಳು ಹೇಳಿದಳು.