ಕೊಸರಿನ ಗೀಟು

ತೀನ್ ಕಂದೀಲಿನ ಈ ಅಂಗಡಿಯಲ್ಲಿ
ಅಪ್ಪನ ಕಾಲದ ತೇಗದ ಹಲಗೆ.
ಹಲಗೆಯ ಅಂಚಿಗೆ ಹಿತ್ತಾಳೆ ಮೀಟರು,
ಮೀಟರು ಮುಗಿದ ಮೇಲೂ ನಾಲ್ಕು ಬೆರಳಾಚೆ
ಚಾಕುವಿನಿಂದ ಅವನೇ ಕೊರೆದ ಒಂದು ಗೀಟು.
ಅಳತೆ ಇಲ್ಲಿಯ ತನಕ, ಕತ್ತರಿ ಅಲ್ಲಿಯ ತನಕ.
ನಡುವಿನದು ಕೊಸರು. ಅದಕ್ಕೆ ಲೆಕ್ಕವಿಲ್ಲ.

ಈಗ ಹಲಗೆಯ ಮೇಲೆ ಮಿಷನ್ನೂ ಕೂತಿದೆ.
ನೂರಕ್ಕೆ ಎರಡು ಅದರದು,
ಆ ಎರಡರ ಮೇಲೆ ತೆರಿಗೆ,
ತಿಂಗಳ ಬಾಡಿಗೆ ಬೇರೆ.
ಜಂಪರ್ ಪೀಸಿನಲ್ಲಿ ನನಗುಳಿಯುವುದೇ ನೂರಕ್ಕೆ ಏಳು.
ಎದುರಿನ ಚಪ್ಪಲಿ ಅಂಗಡಿಯ ಮಕ್ದೂಂ ಸಾಬರು
ರಟ್ಟಿನ ಮೇಲೆ ಬರೆದು ತೂಗುಬಿಟ್ಟಿದ್ದಾರೆ:
‘ಕಾರ್ಡ್ ಆದರೆ ಎರಡು ರೂಪಾಯಿ ಜಾಸ್ತಿ.’
ನೂರಕ್ಕೋ ಜೋಡಿಗೋ, ಬರೆದಿಲ್ಲ.
ಜಗಳ ಬಂದಾಗ ನೋಡಿಕೊಳ್ಳುತ್ತಾರಂತೆ.
ಪಾತ್ರೆ ಅಂಗಡಿಯ ಚಂಪಾಲಾಲ್ ರೇಟಿನಲ್ಲೇ ಬೆರೆಸುತ್ತಾನೆ,
ಹಾಲಿಗೆ ನೀರಿನಂತೆ, ನಗದು ಕೊಡುವವರಿಗೂ.
ನನಗೆ ಎರಡೂ ಬಾರದೆ
ಒಂದು ಸುಳ್ಳು ಸಾಕಿಕೊಂಡಿದ್ದೇನೆ: ‘ನೆಟ್‌ವರ್ಕ್ ಇಲ್ರಿ.’

ಮೊನ್ನೆ ಹುಲಿಗೆಮ್ಮ ಬಂದಳು, ರಿಮ್ಸಿನ ನರ್ಸು,
ರಾತ್ರಿ ಪಾಳಿ ಮುಗಿಸಿ ನೇರ.
ತಮ್ಮನ ಮದುವೆಯ ಆಹೇರಿಗೆ
ಹದಿನಾರು ಜಂಪರ್ ಪೀಸು, ಮೂರು ಧೋತ್ರ, ಒಂದು ಇಳಕಲ್ಲು.
ನಾಲ್ಕು ಸಾವಿರದ ಮುನ್ನೂರು.
ಹೊಸ ಕಾರ್ಡು, ಮೇಲಿನ ಪ್ಲಾಸ್ಟಿಕ್ ಹಾಳೆ ಕೂಡ ಕಿತ್ತಿಲ್ಲ.
ನೆಟ್‌ವರ್ಕ್ ಇಲ್ರಿ, ಅಂದೆ.

ಅವಳು ಸಿಟ್ಟಾಗಲಿಲ್ಲ. ಮಿಷನ್ ಎತ್ತಿಕೊಂಡು
ಮೆಟ್ಟಿಲಿಳಿದು ಬಿಸಿಲಿಗೆ ಹೋದಳು,
ಕೂಸಿನ ಜ್ವರ ನೋಡುವವಳ ಹಾಗೆ ಕತ್ತು ವಾಲಿಸಿ
ಆಟೋಗಳ ನಡುವೆ ಎತ್ತಿ ಹಿಡಿದಳು.
‘ಬಂತ್ರಿ ಅಣ್ಣಾರ, ಎರಡು ಕಡ್ಡಿ ಬಂತು!’
ಬೀದಿಯೇ ತಿರುಗಿ ನೋಡಿತು.
ಮಕ್ದೂಂ ಸಾಬರು ಚಪ್ಪಲಿಯ ಹಿಂದೆ ಮುಖ ಇಟ್ಟು ನಕ್ಕರು.

ಚೀಟಿ ಹರಿದುಕೊಟ್ಟು ಕತ್ತರಿ ಕೈಗೆತ್ತಿಕೊಂಡೆ.
‘ಕೊಸರು ಬಿಡ್ರಿ ಮತ್ತ, ನಿಮ್ಮಪ್ಪಾರು ಬಿಡತಿದ್ರು.’
ನೂರಾ ಒಂದು ರೂಪಾಯಿ ನಲವತ್ತೆಂಟು ಪೈಸೆ
ಆಗಲೇ ಕೊಸರು ಹಾಕಿ ಆಗಿತ್ತು,
ನಾನು ಮುಖ ಕಾಣದವರಿಗೆ,
ಚೀಲ ಹಿಡಿದು ಈ ಮೆಟ್ಟಿಲು ಹತ್ತದವರಿಗೆ.

ಮೊದಲ ಪೀಸಿಗೆ ಕತ್ತರಿ ಹಿತ್ತಾಳೆಯ ಕೊನೆಗೇ ನಿಂತಿತು.
ಅವಳು ನೋಡುತ್ತಿರಲಿಲ್ಲ,
ಥಾನುಗಳಿಗೆ ಒರಗಿ ತೂಕಡಿಸುತ್ತಿದ್ದಳು.
ಎರಡನೆಯದಕ್ಕೆ ಗೀಟಿನ ತನಕ ಹೋಯಿತು.
ಮೂರನೆಯದು ನಡುವೆಲ್ಲೋ.
ಹದಿನಾರೂ ಒಟ್ಟಿ ಮಡಿಸುವಾಗ
ಒಂದರ ಅಂಚಿಗೆ ಒಂದು ಕೂಡಲಿಲ್ಲ.